ಮೊದಲು ನಮ್ಮನಿ

ಆಗಸ್ಟ್ ಬಂತಂದ್ರೆ ನಮ್ಮವ್ವ ತಗಡಿನ ಟ್ರಂಕನ್ನು ಅಟ್ಟದ ಮೇಲೆ ಇಡಿಸುತ್ತಾಳೆ. ಮಳೆ ಬರಲಿ, ಬಿಡಲಿ. “ಹೊಳಿ ನಂಬಬ್ಯಾಡ, ಡ್ಯಾಮಿನವ್ರನ್ನೂ ನಂಬಬ್ಯಾಡ” ಅಂತಾಳೆ. ಮಳೆಗಾಲದಲ್ಲಿ ಹೊಳೆದಂಡೆಯ ಊರುಗಳಿಂದ ಗೆಳೆಯರು ಫೋನ್ ಮಾಡ್ತಾರೆ, ಮನೆಯೊಳಗೆ ನೀರು ನುಗ್ಗಿದೆ, ಏನ್ ಮಾಡೋದು ಅಂತ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

2019ರ ಆಗಸ್ಟ್. ನವಿಲುತೀರ್ಥ ಡ್ಯಾಮಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ರಾಮದುರ್ಗ, ನರಗುಂದ, ಬಾದಾಮಿ, ರೋಣ ತಾಲೂಕುಗಳ ಎಷ್ಟೋ ಊರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ಗುಡಿಗಳು ನೀರಲ್ಲಿ ನಿಂತ ಫೋಟೋ ಪೇಪರಿನಲ್ಲಿ ಬಂತು. ನಮ್ಮ ಕೇರಿಯ ಫೋಟೋ ಯಾವುದರಲ್ಲೂ ಬರಲಿಲ್ಲ. ಊರಿನ ಅತಿ ತಗ್ಗು ಜಾಗ ನಮ್ಮದು. ಹಿಂದೆ ನಮ್ಮವರನ್ನು ಎಲ್ಲಿ ಕೂರಿಸಿದ್ರೋ ಅಲ್ಲೇ ಇದ್ದೀವಿ. ಹಂಗಾಗಿ ಹೊಳೆ ಮೊದಲು ಬರೋದು ನಮ್ಮ ಮನೆಗೆ, ಕೊನೆಗೆ ಬಿಟ್ಟುಹೋಗೋದೂ ನಮ್ಮ ಮನೆಯನ್ನೇ.

ನಾನು ಧಾರವಾಡದಿಂದ ಓಡಿ ಬರುವ ಹೊತ್ತಿಗೆ ಅವ್ವ, ತಂಗಿ ಗಂಜಿ ಕೇಂದ್ರದಲ್ಲಿದ್ದರು. ನೀರು ಇಳಿದ ಮೇಲೆ ಮೂವರೂ ಮನೆಗೆ ಹೋದೆವು. ಬಾಗಿಲು ತಳ್ಳಿದರೆ ತೆರೀಲಿಲ್ಲ. ಒಳಗೆ ಮೊಣಕಾಲುದ್ದ ರಾಡಿ. ಗೋಡೆ ಮೇಲೆ ನನ್ನ ಎದೆಮಟ್ಟಕ್ಕೆ ನೀರಿನ ಗೆರೆ. ಜೋಳದ ಚೀಲ ಉಬ್ಬಿ ಒಡೆದು ಹುಳಿ ವಾಸನೆ ಹೊಡೀತಿತ್ತು. ಅವ್ವ ಎರಡು ವರ್ಷ ಕೂತು ಹೊಲಿದ ಕೌದಿ ನೀರು ಕುಡಿದು ಇಬ್ಬರು ಹಿಡಿದರೂ ಏಳದಷ್ಟು ಭಾರ ಆಗಿತ್ತು. ತಂಗಿ ಅಳುತ್ತಾ ಧಾರವಾಡದ ಗೆಳತಿಗೆ ಕಳಿಸೋಕೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆದಳು. ಆ ಫೋಟೋ ನೆನಪಿಟ್ಟುಕೊಳ್ಳಿ.

ಅವ್ವ ಅಳಲಿಲ್ಲ. ಸೀರೆ ಎತ್ತಿ ಕಟ್ಟಿ, “ಒಣಗಿತಂದ್ರ ಕಲ್ಲಾಗತೈತಿ, ಈಗ ತಗೀರಿ” ಅಂದಳು. ಎರಿಮಣ್ಣಿನ ರಾಡಿ ಗೊತ್ತಿದ್ದವರಿಗೆ ಇದು ಗೊತ್ತು. ಹಸಿ ಇದ್ದಾಗ ಸಲಿಕೆಗೆ ಬರುತ್ತೆ, ಒಣಗಿದರೆ ಗುದ್ದಲಿಗೂ ಬಗ್ಗಲ್ಲ. ಬಚ್ಚಲ ಕಡೆಯಿಂದ ಶುರು ಮಾಡಿದೆವು. ಪುಟ್ಟಿ ತುಂಬಿ ತುಂಬಿ ಹೊರಗೆ ಸುರಿದೆವು.

ಎರಡನೇ ದಿನ ಬೆಳಿಗ್ಗೆ ಮೇಲಿನ ಓಣಿಯಿಂದ ಒಬ್ಬರು ಬಂದರು. ನಮ್ಮಪ್ಪ ಬದುಕಿದ್ದಷ್ಟು ದಿನ ದುಡಿದಿದ್ದು ಅವರ ಹೊಲದಲ್ಲೇ. ಕೇರಿಯ ಬಾಯಲ್ಲೇ ನಿಂತು, “ಎಮ್ಮಿ ಸತ್ತು ಹಿತ್ತಲದಾಗ ಬಿದ್ದೈತಿ, ನಾರಾಕತ್ತೈತಿ. ನಾಕು ಮಂದಿ ಬರ್ರಿ. ಹಂಗ ಪಡಸಾಲಿ ರಾಡಿನೂ ತಗದು ಕೊಡ್ರಿ” ಅಂದರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ವಾಡಿಕೆ ಮಾತು ಅಷ್ಟೇ. ನಮ್ಮ ದೊಡ್ಡಪ್ಪ, ಸ್ವಂತ ಮನೆಯ ರಾಡಿಯಲ್ಲಿ ನಿಂತಿದ್ದವನು, ಕೈ ತೊಳೆದು ಹಗ್ಗ ಹುಡುಕೋಕೆ ಹೊರಟೇಬಿಟ್ಟ.

ನಾನು? ವೇದಿಕೆ ಮೇಲೆ ಮೈಕ್ ಹಿಡಿದು ಬಾಬಾಸಾಹೇಬರ ಬಗ್ಗೆ ತಾಸುಗಟ್ಟಲೆ ಮಾತಾಡುವವನು, ಸಲಿಕೆ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ. ನಾಳೆ ವಾಪಸ್ ಹೋಗ್ತೀನಿ, ಇಲ್ಲಿ ಇರೋರು ಇವರು, ಇವರ ಹೊಟ್ಟೆಗೆ ಕಲ್ಲು ಬೀಳಬಾರದು ಅಂತ ಒಳಗೊಳಗೇ ಲೆಕ್ಕ ಹಾಕ್ತಿದ್ದೆ. ಅದು ವಿವೇಕ ಅಂತ ಆಗ ಅನ್ನಿಸಿತ್ತು. ಹೆದರಿಕೆ ಅಂತ ಈಗ ಗೊತ್ತು.

ಮಾತಾಡಿದ್ದು ಅವ್ವ. ಪುಟ್ಟಿ ಕೆಳಗಿಡದೆ ಅಂದಳು: “ಯಪ್ಪಾ, ಇಷ್ಟು ವರ್ಷ ನಿಮ್ಮನಿ ಮೊದಲ ತೊಳದೀವ್ರೀ. ಈ ಸಲ ನಮ್ಮನಿ ಮೊದಲ. ಎಮ್ಮಿ ನಿಮ್ದು. ಹಾಲು ನೀವ ಕುಡದ್ರಿ, ಹೆಣಾನೂ ನೀವ ಎತ್ರಿ.”

ಇಡೀ ಕೇರಿಯಲ್ಲಿ ಸಲಿಕೆ ಸಪ್ಪಳ ನಿಂತಿತು. ದೊಡ್ಡಪ್ಪ ಹಗ್ಗ ಹಿಡಿದವನು ಹಂಗೇ ನಿಂತ. ಆ ಮನುಷ್ಯ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ತಿರುಗಿ ಹೋದರು. ದೊಡ್ಡಪ್ಪ ಹಗ್ಗ ಗೂಟಕ್ಕೆ ಸಿಕ್ಕಿಸಿದ.

ಮರುದಿನ ಜೆಸಿಬಿ ಬಂತು. ಎಮ್ಮೆ ಎತ್ತಿತು, ಗುಂಡಿ ತೋಡಿತು, ಹೂತಿತು. ಅರ್ಧ ತಾಸಿನ ಕೆಲಸ. ಜೆಸಿಬಿ ಎರಡು ದಿನದಿಂದ ಊರ ಮುಂದೇನೇ ನಿಂತಿತ್ತು. ನಾವು ಒಲ್ಲೆ ಅಂದ ಮೇಲೆ ಅದು ಅವರ ಕಣ್ಣಿಗೆ ಬಿತ್ತು.

ಒಂದು ಮಾತು ಗೊತ್ತಿರಲಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಪರಿಶಿಷ್ಟರಿಂದ ಸತ್ತ ಮನುಷ್ಯರ ಅಥವಾ ಪ್ರಾಣಿಗಳ ಹೆಣ ಹೊರಿಸೋದು, ಗುಂಡಿ ತೋಡಿಸೋದು ಈಗ ಕಲಂ 3(1)ರ ಅಡಿ ಅಪರಾಧ. ಅವ್ವನಿಗೆ ಈ ಕಲಂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದು ಅವಳು.

ಬೆಲೆ ತೆರಲಿಲ್ಲ ಅಂತಲ್ಲ. ಆ ಹಿಂಗಾರಿಗೆ ಅವ್ವನನ್ನು ಅವರ ಹೊಲಕ್ಕೆ ಕರೀಲಿಲ್ಲ. ಅಂಗಡಿಯಲ್ಲಿ ಉದ್ರಿ ನಿಂತಿತು. ನಾಲ್ಕು ತಿಂಗಳು ನಾನು ಕಳಿಸಿದ್ದರಲ್ಲೇ ಒಲೆ ಉರೀತು. ಆಮೇಲೆ ಅವ್ವ ಬೇರೆ ಊರಿನ ಹೊಲಕ್ಕೆ ಹೋಗತೊಡಗಿದಳು. ಈಗಲೂ ಹೋಗ್ತಾಳೆ.

ಇನ್ನು ನಾವು ಮಾಡಿದ ತಪ್ಪು. ಅವ್ವ ಮನೆಯನ್ನು ಕನ್ನಡಿ ಹಂಗೆ ತೊಳೆದಳು. ಗೋಡೆಯ ನೀರಿನ ಗೆರೆಯನ್ನೂ ಉಜ್ಜಿ ತೆಗೆದಳು. ವಾರದ ಮೇಲೆ ಸರ್ವೆಗೆ ಬಂದವರು ಬಾಗಿಲಲ್ಲೇ ನಿಂತು, “ಮನಿ ಸ್ವಚ್ಛ ಐತಲ್ಲ, ಏನೂ ಆಗಿಲ್ಲ” ಅಂತ ‘ಸಿ’ ದರ್ಜೆ ಬರಕೊಂಡು ಹೋದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಹೇಳಿದ್ದು 5 ಲಕ್ಷ. ‘ಸಿ’ ಅಂದರೆ ರಿಪೇರಿ ದುಡ್ಡು. ಗಲೀಜಿದ್ದರೆ ಜಾತಿ ಹಿಡಿದು ಬೈತಾರೆ, ಸ್ವಚ್ಛ ಇದ್ದರೆ ಹಾನಿನೇ ಆಗಿಲ್ಲ ಅಂತಾರೆ.

ಸರ್ವೆ ಆಗಿ ಎರಡೇ ದಿನಕ್ಕೆ ಹಿಂದಿನ ಗೋಡೆ ಕುಸೀತು. ಮಣ್ಣಿನ ಗೋಡೆ ಅದು. ಮೂರು ವರ್ಷ ಹಿಂದೆ ಸಾಲ ಮಾಡಿ ಸಿಮೆಂಟ್ ಗಿಲಾವು ಮಾಡಿಸಿದ್ದೆವು, ಪಕ್ಕಾ ಮನೆ ಆಯ್ತು ಅಂತ ಖುಷಿಪಟ್ಟಿದ್ದೆವು. ಸಿಮೆಂಟು ಮಣ್ಣು ಕುಡಿದ ನೀರನ್ನು ಹೊರಗೆ ಬಿಡಲಿಲ್ಲ. ಹೊರಗಿಂದ ಗೋಡೆ ಒಣಗಿದಂಗೆ ಕಂಡಿತು, ಒಳಗೆ ಮೆತ್ತಗಾಗಿ ರಾತ್ರಿ ಕೂತುಬಿಟ್ಟಿತು. ಅವ್ವ ಆ ರಾತ್ರಿ ಆ ಗೋಡೆ ಕಡೆ ತಲೆ ಇಟ್ಟು ಮಲಗಿರಲಿಲ್ಲ. ಅಷ್ಟೇ ನಮ್ಮ ಪುಣ್ಯ.

ಅರ್ಜಿ ಕೊಟ್ಟೆವು. ಏಳು ತಿಂಗಳು ಓಡಾಡಿದೆವು. ಕೊನೆಗೆ ದರ್ಜೆ ಬದಲಾಗಿದ್ದು ತಂಗಿ ಅಳುತ್ತಾ ತೆಗೆದ ಆ ಒಂದು ಫೋಟೋದಿಂದ, ಮತ್ತೆ ಟ್ರಂಕಿನಲ್ಲಿದ್ದ ಹಕ್ಕುಪತ್ರದಿಂದ.

ಅದಕ್ಕೇ ಗೆಳೆಯರೇ, ನೀರು ಹೊಕ್ಕ ಮನೆಗೆ ಕಾಲಿಡುವ ಮೊದಲು:

ಪೊರಕೆ ಹಿಡಿಯೋಕೆ ಮುಂಚೆ ಫೋನ್ ಹಿಡೀರಿ. ಪ್ರತಿ ಕೋಣೆ, ಪ್ರತಿ ಗೋಡೆ, ಒದ್ದೆಯಾದ ಚೀಲ, ಎಲ್ಲದರ ಫೋಟೋ ತೆಗೀರಿ. ನೀರಿನ ಗೆರೆ ಪಕ್ಕ ಒಬ್ಬರನ್ನು ನಿಲ್ಲಿಸಿ ತೆಗೀರಿ, ಎತ್ತರ ಗೊತ್ತಾಗಲಿ. ಸರ್ವೆ ಆಗೋವರೆಗೂ ಆ ಗೆರೆ ಅಳಿಸಬೇಡಿ.

ಲೈನ್‌ಮನ್ ನೋಡೋವರೆಗೂ ಕರೆಂಟ್ ಹಾಕಬೇಡಿ. ನಿಂತ ನೀರಲ್ಲಿ ಕಾಲಿಟ್ಟು ಮೇನ್ ಸ್ವಿಚ್ ಮುಟ್ಟಲೇಬೇಡಿ.

ಬರಿಗಾಲಲ್ಲಿ ರಾಡಿ ತುಳೀಬೇಡಿ. ಗಮ್‌ಬೂಟ್ ಇಲ್ಲದಿದ್ದರೆ ಚಪ್ಪಲಿ ಮೇಲೆ ಗಟ್ಟಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಗಾಯ ಇದ್ದರೆ ಮುಚ್ಚಿ. ಇಲಿಜ್ವರ ಬರೋದು ಈ ನೀರಿನಿಂದಲೇ. ಜ್ವರ ಬಂದರೆ ನೆರೆ ನೀರಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಿ.

ಮಣ್ಣಿನ ಗೋಡೆ ಇದ್ದರೆ ನೀರು ಇಳಿದ ಮೇಲೂ ಅದರ ಪಕ್ಕ ಮಲಗಬೇಡಿ. ಗಿಲಾವು ಉಬ್ಬಿದ್ದರೆ ಹತ್ತಿರವೇ ಹೋಗಬೇಡಿ.

ತೊಯ್ದ ಕಾಗದಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಇಡಬೇಡಿ. ನೆರಳಲ್ಲಿ ಹಳೇ ಪೇಪರ್ ಹಾಸಿ ಇಡಿ, ಅರ್ಧ ಒಣಗಿದ ಮೇಲೆ ನಿಧಾನಕ್ಕೆ ಬಿಡಿಸಿ. ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಹಕ್ಕುಪತ್ರ, ಇವೇ ನಮ್ಮ ಆಸ್ತಿ.

ಮತ್ತೆ ಯಾರಾದರೂ ಕೇರಿಯ ಬಾಯಲ್ಲಿ ನಿಂತು ಕರೆದರೆ, ಮೊದಲು ನಿಮ್ಮ ಮನೆ ತೊಳೀರಿ.

ನಮ್ಮ ಟ್ರಂಕಿನಲ್ಲಿ ಬಾಬಾಸಾಹೇಬರ ಫೋಟೋನೂ ಇತ್ತು. ಕೆಳಗಿನ ಅಂಚಿಗೆ ಕಂದು ಕಲೆ ಬಿದ್ದಿದೆ. ಹೊಸದು ತರ್ತೀನಿ ಅಂದೆ. ಅವ್ವ ಬೇಡ ಅಂದಳು. “ಅವ್ರೂ ನಮ್ಮ ಜೋಡಿ ನೀರಾಗ ನಿಂತಿದ್ರು, ಇರ್ಲಿ ಬಿಡು.” ಹೊಸದಾಗಿ ಕಟ್ಟಿದ ಗೋಡೆ ಮೇಲೆ ಈಗ ಅದೇ ಇದೆ.

ಜೈ ಭೀಮ್.