ಅಜ್ಜಿ ಮನೆಯ ಕೆಂಪೆಲೆ

ಆಗಸ್ಟ್‌ನಲ್ಲಿ ಮೈಸೂರು ಬಿಟ್ಟು ಅಮೆರಿಕದ ಬಾಸ್ಟನ್ ಹತ್ತಿರದ ಊರಿಗೆ ಬಂದಾಗ ನನ್ನ ಮಗನಿಗೆ ನಾಲ್ಕು ವರ್ಷ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗ ಪ್ರೀಸ್ಕೂಲಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಒಂದು ವಾರ, ಎರಡು ವಾರ, ಒಂದೂವರೆ ತಿಂಗಳಾದ್ರೂ ಇಲ್ಲ. "ಅವನೀಗ ಕೇಳಿಸಿಕೊಳ್ತಿದ್ದಾನೆ, ಅವಸರ ಮಾಡಬೇಡಿ" ಅಂತ ಟೀಚರ್ ಸಮಾಧಾನ ಹೇಳುತ್ತಿದ್ದರು. ನನಗೋ ರಾತ್ರಿ ನಿದ್ದೆಯಿಲ್ಲ. ನಮ್ಮ ಕೆಲಸಕ್ಕೋಸ್ಕರ ಮಗುವಿನ ಮಾತನ್ನೇ ಕಿತ್ಕೊಂಡ್ವಾ ಅನ್ನೋ ಚಿಂತೆ.

ಅಕ್ಟೋಬರ್ ಮಧ್ಯದಲ್ಲಿ ಒಂದು ದಿನ ತರಗತಿಗೆ ಸಹಾಯಕ್ಕೆ ಬರ್ತೀರಾ ಅಂತ ಕರೆದರು. ದಾರಿಯುದ್ದಕ್ಕೂ ಮೇಪಲ್ ಮರಗಳು. ಒಂದು ಅರಿಶಿನ, ಇನ್ನೊಂದು ಕುಂಕುಮ, ಮತ್ತೊಂದು ಅಪ್ಪಟ ಕಿತ್ತಳೆ. ಈ ಬಣ್ಣ ನೋಡೋಕೇ ಜನ ದೂರದೂರುಗಳಿಂದ ನ್ಯೂ ಇಂಗ್ಲೆಂಡಿಗೆ ಬರ್ತಾರೆ.

ತರಗತಿಯೊಳಗೂ ಅದೇ ಶರತ್ಕಾಲ. ಒಂದು ಅಗಲವಾದ ತೊಟ್ಟಿಯಲ್ಲಿ ಒಣಗಿದೆಲೆ, ಪೈನ್ ಕಾಯಿ, ಓಕ್ ಮರದ ಟೋಪಿ ಹಾಕಿದ ಕಾಯಿಗಳು, ಪಕ್ಕದಲ್ಲಿ ಭೂತಗನ್ನಡಿ. ಒಂದು ಮೇಜಿನಲ್ಲಿ ಸೇಬಿನ ಅಚ್ಚು. ಸೇಬನ್ನು ಅಡ್ಡಡ್ಡ ಕತ್ತರಿಸಿದರೆ ಒಳಗೆ ಐದು ಮೂಲೆಯ ನಕ್ಷತ್ರ ಇರುತ್ತೆ ಗೊತ್ತಾ? ಇಷ್ಟು ವರ್ಷ ಉದ್ದಕ್ಕೇ ಹೆಚ್ಚಿದ ನಾನು ಅವತ್ತೇ ನೋಡಿದ್ದು! ಇನ್ನೊಂದು ಕಡೆ ಸಿಹಿಗುಂಬಳ ನೀರಿನಲ್ಲಿ ಮುಳುಗುತ್ತೋ ತೇಲುತ್ತೋ ಅಂತ ಪಂದ್ಯ. ಅಷ್ಟು ದಪ್ಪದ ಕಾಯಿ ತೇಲಿಬಿಟ್ಟಿತು, ಒಳಗೆ ಟೊಳ್ಳಲ್ವಾ. ಆಮೇಲೆ ಅದರ ಬೀಜ ತೆಗೆದು ಹತ್ತು ಹತ್ತರ ಗುಂಪು ಮಾಡಿ ಎಣಿಕೆ. ಲೆಕ್ಕದ ಪಾಠ ಅಂತ ಯಾರೂ ಹೇಳಲೇ ಇಲ್ಲ.

ನನಗೆ ಸಿಕ್ಕಿದ್ದು ಎಲೆ ಉಜ್ಜುವ ಮೇಜು. ನರಗಳು ಉಬ್ಬಿರುವ ಬದಿ ಮೇಲೆ ಬರುವಂತೆ ಎಲೆ ಇಟ್ಟು, ಅದರ ಮೇಲೆ ತೆಳು ಕಾಗದ ಹಾಕಿ, ಸಿಪ್ಪೆ ಸುಲಿದ ಕ್ರೇಯಾನನ್ನು ಮಲಗಿಸಿ ಉಜ್ಜಬೇಕು. ಎಲೆ ತಾನಾಗೇ ಮೂಡುತ್ತೆ. ಮಗ ಬಂದು ಕೂತ. ಅಂಗೈಗಿಂತ ದೊಡ್ಡ ಕೆಂಪೆಲೆ ಎತ್ತಿಕೊಂಡ. ತಿರುಗಿಸಿ ನೋಡಿದ. ಜೋರಾಗಿ, ಕನ್ನಡದಲ್ಲಿ ಹೇಳಿಬಿಟ್ಟ: "ಅಮ್ಮಾ, ಅಜ್ಜಿ ಮನೆ ಬಾದಾಮಿ ಎಲೆ!"

ಮೈಸೂರಿನ ನಮ್ಮಮ್ಮನ ಮನೆ ಮುಂದೆ ಕಾಡುಬಾದಾಮಿ ಮರವಿದೆ. ಜನವರಿ, ಫೆಬ್ರವರಿಯಲ್ಲಿ ಎಲೆಯೆಲ್ಲ ಕೆಂಪಾಗಿ ಉದುರುತ್ತೆ. "ಗುಡಿಸಿ ಗುಡಿಸಿ ಸಾಕಾಯ್ತು" ಅಂತ ಅಮ್ಮ ಗೊಣಗುತ್ತಿದ್ದರೆ ಇವನು ಆ ರಾಶಿಯಲ್ಲೇ ಕುಣಿಯುತ್ತಿದ್ದ. ಟೀಚರ್‌ಗೆ ವಿವರಿಸಿದೆ. ಅವರು ಮಂಡಿಯೂರಿ ಕೂತು, ಎಲೆಗೆ ನಿಮ್ಮ ಭಾಷೆಯಲ್ಲಿ ಏನಂತೀರಿ ಅಂತ ಅವನನ್ನೇ ಕೇಳಿದರು. "ಎಲೆ" ಅಂದ. ಅವರು "ಎಲ್ಲೇ" ಅಂದರು. "ಎಲ್ಲೇ ಅಲ್ಲ, ಎಲೆ!" ನಮ್ಮ ಹುಡುಗ ತಿದ್ದುತ್ತಿದ್ದಾನೆ! ನಾನು ಕಣ್ಣೊರೆಸಿಕೊಳ್ಳೋಕೆ ಕಿಟಕಿ ಕಡೆ ತಿರುಗಿದೆ.

ಮನೆಗೆ ಹೊರಡುವ ಮೊದಲು ಟೀಚರ್ ಒಂದು ಗಾಜಿನ ಲೋಟ ತೋರಿಸಿದರು. ಬೆಳಗ್ಗೆ ಹಸಿರೆಲೆ ಜಜ್ಜಿ, ಸ್ಪಿರಿಟ್‌ನಲ್ಲಿ ನೆನೆಸಿ, ಕಾಫಿ ಸೋಸುವ ಕಾಗದದ ಪಟ್ಟಿ ಇಳಿಬಿಟ್ಟಿದ್ದರು. ಪಟ್ಟಿಯಲ್ಲಿ ಹಸಿರಿನ ಮೇಲೆ ತಿಳಿ ಹಳದಿ ಗೆರೆ ಏರಿತ್ತು. ಹಳದಿ ಶರತ್ಕಾಲದಲ್ಲಿ ಹೊಸದಾಗಿ ಬರೋದಲ್ಲವಂತೆ, ಬೇಸಿಗೆಯಿಡೀ ಎಲೆಯೊಳಗೇ ಇರುತ್ತೆ. ಹಗಲು ಕಡಿಮೆಯಾಗಿ ಹಸಿರು ಕರಗಿದಾಗ ಕಾಣುತ್ತೆ. ಮೇಪಲ್‌ನ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುತ್ತೆ.

ಮಾರನೇ ದಿನದಿಂದ ಇಂಗ್ಲಿಷ್ ಸುರಿಸಿದ ಅಂದ್ಕೋಬೇಡಿ. ಅದಕ್ಕೆ ಇನ್ನೂ ಎರಡು ತಿಂಗಳು ಬೇಕಾಯ್ತು. ಆದರೆ ನಾನು ದಿನಾ ಹೋಗಿ "ಇವತ್ತು ಮಾತಾಡಿದ್ನಾ?" ಅಂತ ಕೇಳೋದು ಬಿಟ್ಟೆ.

ಅವನು ಉಜ್ಜಿದ ಆ ಕೆಂಪೆಲೆಯ ಕಾಗದ ಅಂಚೆಯಲ್ಲಿ ಮೈಸೂರಿಗೆ ಹೋಯಿತು. ಫೆಬ್ರವರಿಯಲ್ಲಿ ಅಮ್ಮ ಫೋನ್ ಮಾಡಿದರು: "ನಮ್ಮನೆ ಮರ ಉದುರೋಕೆ ಶುರುವಾಯ್ತು ಕಣೇ. ಒಂದು ಹತ್ತೆಲೆ ಗುಡಿಸದೆ ಎತ್ತಿಟ್ಟಿದ್ದೀನಿ."