ಕಾಶಿಗೆ ಹೊರಟು ಹಡಗು ಹತ್ತಿದ್ದು

ಎರೆಹೊಲದ ಮನುಷ್ಯನಿಗೂ ಸಮುದ್ರಕ್ಕೂ ಸಂಬಂಧವೆಷ್ಟು ಎಂದು ಕೇಳಿದರೆ, ನಮ್ಮ ಹತ್ತಿಮತ್ತೂರಿನವರು ‘ಉಪ್ಪಿನಷ್ಟು’ ಎಂದಾರು. ಉಪ್ಪು ಅಲ್ಲಿಂದ ಬರುತ್ತದೆ. ಮಳೆಯೂ ಅಲ್ಲಿಂದಲೇ ಬರುತ್ತದೆ, ಬಂದ ವರ್ಷ. ಅದರಾಚೆಗೆ ಕಡಲಿನ ಗೊಡವೆ ನಮಗಿಲ್ಲ. ನಮ್ಮ ನೀರು ಕೂಡ ಹತ್ತಿರದ ಕಡಲಿಗೆ ಬೆನ್ನು ಮಾಡಿಯೇ ಹರಿಯುತ್ತದೆ. ವರದೆ ತುಂಗಭದ್ರೆಯನ್ನು ಕೂಡುತ್ತದೆ, ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಮೂಡಲ ಕಡಲನ್ನು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ನಕಾಶೆಯ ಮೇಲೆ ಕೋಲಿಟ್ಟು ಈ ಪಾಠ ಹೇಳಿದವನು ನಾನು. ಆ ಕೋಲು ಪಡುವಣ ದಂಡೆಯ ಕಡೆಗೆ ಹೊರಳಿದ್ದು ಕಡಿಮೆ.

ಅಂಥವನು 2025ರ ಫೆಬ್ರುವರಿಯಲ್ಲಿ, ಸಪತ್ನೀಕನಾಗಿ, 11 ಅಂತಸ್ತಿನ ಹಡಗನ್ನೇರಿ ಮುಂಬಯಿಯಿಂದ ಗೋವೆಗೆ ಬಂದೆನೆಂದರೆ ಊರಲ್ಲಿ ಇಂದಿಗೂ ಕೆಲವರು ನಂಬುವುದಿಲ್ಲ. ನಂಬದಿರಲು ಅವರಿಗೆ ಕಾರಣವೂ ಉಂಟು. ನಾವು ಊರು ಬಿಟ್ಟದ್ದು ಕಾಶಿಗೆಂದು.

ಕಾಶಿಯ ಮಾತು ನಮ್ಮ ಮನೆಯಲ್ಲಿ ಮದುವೆಯಾದ ವರ್ಷವೇ ಹುಟ್ಟಿತ್ತು. ಒಂದು ವರ್ಷ ಸುಗ್ಗಿ ಅಡ್ಡ ಬಂತು. ಇನ್ನೊಂದು ವರ್ಷ ಹಿರಿಮಗಳ ಬಾಣಂತನ. ಮತ್ತೊಂದು ವರ್ಷ ಕಿರಿಮಗಳದು. 2020ರಲ್ಲಿ ತಿಕೀಟು ಕೈಗೆ ಬಂದಾಗ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮಾಕೆ ಎಂದೂ ಗೊಣಗಿದವಳಲ್ಲ. ಪ್ರತಿ ಸಲವೂ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಮರಳಿ ಕಪಾಟಿನಲ್ಲಿಡುವಳು, ಅಷ್ಟೆ. ಗೊಣಗಿದ್ದರೇ ಒಳ್ಳೆಯದಿತ್ತೆಂದು ನನಗೆ ಅನಿಸಿದ್ದುಂಟು.

ಈ ಸಲ ಪ್ರಯಾಗದಲ್ಲಿ ಮಹಾಕುಂಭ, ಜನವರಿ 13ರಿಂದ ಫೆಬ್ರುವರಿ 26ರ ವರೆಗೆ. ಸಂಗಮದಲ್ಲೊಂದು ಮುಳುಗು, ಅಲ್ಲಿಂದ ಕಾಶಿ ಎಂದು ಗೊತ್ತಾಯಿತು. ಮಗಳ ಮನೆ ಡೊಂಬಿವಲಿಯಲ್ಲಿರುವುದರಿಂದ ಮೊದಲು ಮುಂಬಯಿ, ಅಲ್ಲಿಂದ ಉತ್ತರದ ಗಾಡಿ. ಸುದ್ದಿ ಓಣಿಗೆ ಹಬ್ಬಿತು. ಗಂಗೆಯ ನೀರಿಗೆಂದು ಒಬ್ಬೊಬ್ಬರೂ ಒಂದೊಂದು ಸೀಸೆ ತಂದಿಟ್ಟರು, ಎಣಿಸಿದರೆ ಒಂಬತ್ತು. ಎಂಬತ್ತೆಂಟು ವರ್ಷದ ನಮ್ಮ ಅತ್ತೆ ನಮ್ಮ ಮನೆಯಲ್ಲೇ ಇದ್ದಾರೆ. ಅವರು ಸೀಸೆ ಕೊಡಲಿಲ್ಲ. ತಮ್ಮ ತವರಿನ ತಾಮ್ರದ ಗಿಂಡಿಯನ್ನು ಹುಣಸೆಹಣ್ಣಿನಿಂದ ಬೆಳಗಿ ಮಗಳ ಕೈಗಿಟ್ಟರು. ಕೊನೆಗಾಲಕ್ಕೆ ಬಾಯಿಗೆ ಬಿಡಲು ಎಂದು ಬಾಯಿಬಿಟ್ಟು ಹೇಳಲಿಲ್ಲ; ಹೇಳುವ ಅಗತ್ಯವೂ ಇರಲಿಲ್ಲ.

ನಾವು ಡೊಂಬಿವಲಿಗೆ ಮುಟ್ಟಿದ ಮರುದಿನವೇ ಮೌನಿ ಅಮಾವಾಸ್ಯೆ, ಜನವರಿ 29. ಬೆಳಗಿನ ಜಾವ ಸಂಗಮದಲ್ಲಿ ನೂಕುನುಗ್ಗಲಾಗಿ 30 ಜನ ಸತ್ತರೆಂದು ಸಂಜೆಗೆ ಸರಕಾರವೇ ಹೇಳಿತು. ನಮ್ಮ ಗಾಡಿ ನಾಡಿದ್ದಿಗೆ. ಉತ್ತರದ ಗಾಡಿಗಳಲ್ಲಿ ಕಾದಿಟ್ಟ ಜಾಗವಿದ್ದವರಿಗೂ ಬಾಗಿಲೊಳಗೆ ಹೋಗಲಾಗುತ್ತಿಲ್ಲವೆಂದು ಅಳಿಯಂದಿರು ಸ್ಟೇಶನ್ನಿನಿಂದ ನೋಡಿ ಬಂದು ಹೇಳಿದರು. ಮಗಳು ‘ಅಪ್ಪಾ, ಕಳಿಸೂದಿಲ್ಲ ಅಂದ್ರ ಕಳಿಸೂದಿಲ್ಲ’ ಎಂದು ತಿಕೀಟು ರದ್ದು ಮಾಡಿಸಿಬಿಟ್ಟಳು.

ಆ ರಾತ್ರಿ ನಮ್ಮಾಕೆ ಊಟಕ್ಕೆ ಕೂಡಲಿಲ್ಲ. ಬೆಳಿಗ್ಗೆ ಚಹ ಕುಡಿಯುತ್ತ, ಯಾರ ಮುಖವನ್ನೂ ನೋಡದೆ, ‘ಸತ್ತವರ ಮುಂದ ನಮ್ಮದೇನ್ ದೊಡ್ಡ ದುಃಖ ಅಲ್ಲ. ಆದ್ರ ನಾ ಈಗ ಊರಿಗೆ ಹೊಳ್ಳಿ ಹೋಗಾಕ ಒಲ್ಲೆ. ಎಲ್ಲಿಗರ ಕರ್ಕೊಂಡ್ ಹೋಗ್ರಿ. ಹೋದ ಬಾರಿ ಸೀರಿ ತಗದಿಟ್ಟಂಗ ಈ ಸಲ ತಗದಿಡೂದಿಲ್ಲ’ ಎಂದಳು. ಮದುವೆಯಾದಂದಿನಿಂದ ಅವಳು ಕೇಳಿದ್ದು ಇದೊಂದೇ. ಪೆಟ್ಟಿಗೆ ಗೋಡೆಯ ಬದಿಗೆ ಕಟ್ಟಿದಂತೆಯೇ ಇತ್ತು.

ಅಳಿಯಂದಿರು ಕೈಯಲ್ಲಿನ ಫೋನನ್ನು ಉಜ್ಜುತ್ತ ಉಜ್ಜುತ್ತ ಹಡಗೊಂದನ್ನು ಹುಡುಕಿದರು. ಮೂರು ದಿನಕ್ಕೆ ಹೊರಡುವ ಹಡಗು, ಮುಂಬಯಿಯಿಂದ ಗೋವೆಗೆ, ಒಂದೇ ಕಡೆಯ ಪ್ರವಾಸ, ಎರಡು ರಾತ್ರಿ. ‘ಕಡೀ ಘಳಿಗಿ ಅಂತ ಅಗ್ಗ ಸಿಗತೈತ್ರೀ ಮಾವ’ ಎಂದರು. ಅಗ್ಗವೇಕೆ ಎಂದು ನಾನು ಕೇಳಿ ತಿಳಿದುಕೊಂಡೆ. ಸಂತೆಯಲ್ಲಿ ಹೊತ್ತು ಮುಳುಗುವಾಗ ಉಳಿದ ಬದನೆಕಾಯಿಗೆ ಯಾವ ನ್ಯಾಯವೋ ನಾಳೆ ಹೊರಡುವ ಹಡಗಿನ ಖಾಲಿ ಕೋಣೆಗೂ ಅದೇ ನ್ಯಾಯ. ಹಡಗು ಹೇಗೂ ಹೊರಡುತ್ತದೆ, ಎಣ್ಣೆ ಹೇಗೂ ಉರಿಯುತ್ತದೆ, ಅಡಿಗೆಯವನಿಗೆ ಸಂಬಳ ಹೇಗೂ ಕೊಡಬೇಕು. ಖಾಲಿ ಹೋದ ಕೋಣೆಯನ್ನು ನಾಳೆ ಮಾರಲು ಬರುವುದಿಲ್ಲ. ಆದುದರಿಂದ ಇಳಿಸುತ್ತಾರೆ. ಆದರೆ ಇಳಿಯುವುದು ಕೋಣೆಯ ದರ ಮಾತ್ರ. ಬಂದರದ ಸುಂಕ, ಸೇವೆಯ ಶುಲ್ಕ ಇವು ಬದನೆಕಾಯಿಗಳಲ್ಲ. ಅವು ತಮ್ಮ ಪೂರ್ತಿ ಬೆಲೆಯಲ್ಲೇ ನಿಂತಿರುತ್ತವೆ. ಮತ್ತೆ ಎಲ್ಲಕ್ಕಿಂತ ಅಗ್ಗದ ಕೋಣೆಗೆ ಕಿಟಕಿ ಇರುವುದಿಲ್ಲ. ಸಮುದ್ರದ ಮೇಲೆ ಹೋಗಿ ಸಮುದ್ರ ಕಾಣದ ಕೋಣೆ! ‘ಕಣ್ಣು ಮುಚ್ಚಿ ಮಲಗೂ ಮುಂದ ಕಿಟಿಕಿ ಯಾಕ ಬೇಕು?’ ಎಂದು ನಮ್ಮಾಕೆ ಆ ಚರ್ಚೆಯನ್ನು ಮುಗಿಸಿದಳು.

ಬಲ್ಲಾರ್ಡ್ ಪಿಯರ್ ಧಕ್ಕೆಯಲ್ಲಿ ನಿಂತಿದ್ದ ಹಡಗಿನ ಹೆಸರು ‘ಎಂಪ್ರೆಸ್’. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ 1990ರಲ್ಲಿ ಕಟ್ಟಿದ್ದು. ಉದ್ದ 210 ಮೀಟರು. ನಮ್ಮ ಊರ ಪೇಟೆಬೀದಿಯನ್ನು ನೆಟ್ಟಗೆ ಎತ್ತಿ ನೀರಲ್ಲಿಟ್ಟಂತೆ ಎಂದು ನನಗೆ ತೋರಿತು. ಹೊರಗಿನ ತಿಂಡಿಗೆ ಒಳಗೆ ಅಪ್ಪಣೆಯಿಲ್ಲವಾದ್ದರಿಂದ ಕಟಕರೊಟ್ಟಿ, ಶೇಂಗಾಹಿಂಡಿ, ಸವಣೂರು ಖಾರ ಎಲ್ಲ ಮಗಳ ಮನೆಯಲ್ಲೇ ಉಳಿದವು. ಗಿಂಡಿ ಮಾತ್ರ ಸೀರೆಯ ನಡುವೆ ಕೂತು ಹಡಗು ಹತ್ತಿತು. ತಪಾಸಣೆಯ ಹುಡುಗಿ ಅದನ್ನು ಎತ್ತಿ, ತಿರುಗಿಸಿ, ಒಳಗೆ ಇಣುಕಿ, ನಮ್ಮಿಬ್ಬರ ಮುಖ ನೋಡಿ, ನಮಸ್ಕಾರ ಮಾಡಿ ಮರಳಿ ಇಟ್ಟಳು. ಆ ನಮಸ್ಕಾರ ಯಾರಿಗೆ ಸಂದಿತೋ!

ಹಡಗು ಹೊರಡುವ ಮೊದಲು ಎಲ್ಲರನ್ನೂ ಒಂದೆಡೆ ಸೇರಿಸಿ, ಮುಳುಗುವ ಪ್ರಸಂಗ ಬಂದರೆ ಎಲ್ಲಿ ನಿಲ್ಲಬೇಕು, ಜಾಕೀಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸಿದರು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಕರಾರಿನಿಂದ ನಡೆದುಬಂದ ಪದ್ಧತಿ ಇದು. ಹಡಗಿನೊಳಗಿನ ಉಳಿದ ವೈಭವದ ವಿಷಯ ಬರೆಯುವುದಿಲ್ಲ. ಜೂಜಿನ ಕಟ್ಟೆ ಇತ್ತು, ಕುಣಿತ ಇತ್ತು, ಈಜುವ ಹೊಂಡ ಇತ್ತು. ಕಾಶಿಗೆ ಹೊರಟವರು ಅವುಗಳ ಮುಂದೆ ಹಾದುಹೋದೆವು, ಅಷ್ಟೆ. ಊಟ ಮಾತ್ರ ಸೊಗಸಾಗಿತ್ತು. ಈರುಳ್ಳಿ ಬೆಳ್ಳುಳ್ಳಿ ತಾಕದ ಜೈನರ ಸಾರು ನಮ್ಮಾಕೆಗೆ ಹಿಡಿಸಿತು.

ಮರುದಿನ ಮೇಲಿನ ಅಟ್ಟದಲ್ಲಿ ಎಂಬತ್ತರ ಹತ್ತಿರದ ರತ್ನಾಗಿರಿಯ ಅಜ್ಜಿಯೊಬ್ಬರ ಗೆಳೆತನವಾಯಿತು. ಮೊಮ್ಮಕ್ಕಳು ಅವರನ್ನು ಒತ್ತಾಯದಿಂದ ಕರೆತಂದಿದ್ದರು. ಚಿಕ್ಕಂದಿನಲ್ಲಿ ಅವರು ಮುಂಬಯಿಗೆ ಬರುತ್ತಿದ್ದುದು ಇದೇ ನೀರಿನ ಮೇಲೆ, ಆಗಬೋಟಿನಲ್ಲಿ. ಜೈತಾಪುರ, ವಿಜಯದುರ್ಗ, ದೇವಗಡ, ಮಾಲವಣ, ವೆಂಗುರ್ಲೆ ಎಂದು ಬೋಟು ನಿಲ್ಲುತ್ತಿದ್ದ ಊರುಗಳನ್ನು ಅಜ್ಜಿ ಜಪದಂತೆ ಹೇಳಿದರು. ಬೋಟು ದೂರದಲ್ಲಿ ನಿಂತರೆ ದಂಡೆಯಿಂದ ದೋಣಿಗಳು ಬಂದು ಜನರನ್ನು, ಮಾವಿನ ಬುಟ್ಟಿಗಳನ್ನು ಮೇಲಕ್ಕೆ ಮುಟ್ಟಿಸುತ್ತಿದ್ದವು. 1947ರ ಜುಲೈ 17ರಂದು ರೇವಸದ ಹಾದಿಯಲ್ಲಿ ‘ರಾಮದಾಸ’ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಹೋದ ಮೇಲೆ ಅವರ ಅವ್ವ ಪ್ರತಿ ಪ್ರಯಾಣದಲ್ಲೂ ಬೋಟಿನಿಂದ ಇಳಿಯುವ ತನಕ ಮಕ್ಕಳ ಕೈ ಬಿಡುತ್ತಿರಲಿಲ್ಲವಂತೆ.

ಆಮೇಲೆ ‘ನಿಮ್ಮ ಊರು?’ ಎಂದು ಕೇಳಿದರು. ‘ಹತ್ತಿಮತ್ತೂರು’ ಎಂದೆ. ಅಜ್ಜಿ ಕಣ್ಣರಳಿಸಿ, ಊರಲ್ಲಿ ಆನೆಗಳು ಬಹಳವೇ ಎಂದರು! ಮರಾಠಿಯಲ್ಲಿ ಹತ್ತಿ ಎಂದರೆ ಆನೆಯಷ್ಟೆ. ಆನೆಯಲ್ಲ ತಾಯಿ, ಕಾಪೂಸು ಎಂದು ಬಿಡಿಸಿ ಹೇಳುತ್ತಿದ್ದಾಗ ನಮ್ಮಾಕೆ ನಡುವೆ ಬಾಯಿ ಹಾಕಿದಳು: ‘ನಮ್ಮವ್ವನ ಮುತ್ತಜ್ಜ ಹತ್ತಿ ಬಂಡಿ ಹೂಡಿಕೊಂಡು ಕುಮಟಾಕ್ಕ ಹೋಗ್ತಿದ್ನಂತ.’

ಈ ಮಾತನ್ನು ನಾನು ಅತ್ತೆಯವರ ಬಾಯಿಂದ ನೂರು ಸಲ ಕೇಳಿದ್ದೆ. ಹಾನಗಲ್ಲು, ಶಿರಸಿ, ದೇವಿಮನೆ ಘಟ್ಟ, ಕುಮಟೆ. ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗಿನಕಾಯಿ. ಆದರೆ ಅದನ್ನು ನೀರಿನ ಮೇಲೆ ಕೂತು ಕೇಳಿದ್ದು ಅದೇ ಮೊದಲು. ಬಂಡಿ ಕುಮಟೆಗೆ ನಿಂತಿತು, ಸರಿ, ಹತ್ತಿ ನಿಲ್ಲಲಿಲ್ಲವಲ್ಲ! ಅಲ್ಲಿಂದ ಅದು ಹಡಗೇರಿ, ನಾವು ಈಗ ಇಳಿಯುತ್ತಿದ್ದ ಇದೇ ದಂಡೆಗುಂಟ ಏರಿ ಮುಂಬಯಿಗೆ ಹೋಯಿತು. ಧಾರವಾಡ ಸೀಮೆಯ ನಾಡಹತ್ತಿಗೆ ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರಿತ್ತು. ಬೆಳೆದ ಹೊಲದ ಹೆಸರಲ್ಲ, ಹಡಗೇರಿದ ಬಂದರದ ಹೆಸರು. 1861ರಿಂದ 65ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಹೊಲಗಳ ಕಡೆ ಬಾಯಿ ತೆರೆದವು. ಆಗ ಬಂದ ಬೆಲೆ ಮತ್ತೆ ಎಷ್ಟೋ ಕಾಲ ಬರಲಿಲ್ಲ. ಮುಂದೆ 1888ರಲ್ಲಿ ಮಾರ್ಮಗೋವೆಯಿಂದ ಕ್ಯಾಸಲ್‌ರಾಕಿಗೆ ರೈಲುದಾರಿ ಕೂಡಿತು. ಹುಬ್ಬಳ್ಳಿಯ ಹತ್ತಿ ಗಾಡಿಯಲ್ಲಿ ಕೂತು ನೇರವಾಗಿ ಆ ಬಂದರಕ್ಕೆ ಇಳಿಯಿತು. ಕುಮಟೆ, ಕಾರವಾರಗಳ ಧಕ್ಕೆಗಳು ಬಣಗುಟ್ಟಿದವು. ಈಗ ಹಾವೇರಿ ಜಿಲ್ಲೆಯಲ್ಲಿ ಎತ್ತ ನೋಡಿದರೂ ಗೋವಿನಜೋಳ. ಹತ್ತಿ ನಮ್ಮ ಊರಿನ ಹೆಸರಲ್ಲಿ ಉಳಿದಷ್ಟು ಹೊಲದಲ್ಲಿ ಉಳಿದಿಲ್ಲ.

ನಮ್ಮ ನೀರು ಮೂಡಣಕ್ಕೆ ಹೋಯಿತು, ನಮ್ಮ ಬೆವರು ಪಡುವಣಕ್ಕೆ. ನಾನು ಶಾಲೆಯಲ್ಲಿ ನೀರಿನ ದಾರಿಯನ್ನಷ್ಟೇ ಹೇಳಿಕೊಟ್ಟೆ, ಪಠ್ಯದಲ್ಲಿದ್ದುದೂ ಅದೇ.

ಸಂಜೆ ನಮ್ಮಾಕೆ ಕಟಕಟೆಗೆ ಆತು ಬಹಳ ಹೊತ್ತು ನಿಂತಳು. ಗಿಂಡಿಯಲ್ಲಿ ಈ ನೀರನ್ನೇ ತುಂಬಿಸಿಕೊಳ್ಳೋಣವೇ, ಎಲ್ಲ ನದಿಗಳೂ ಕಡಲಿಗೇ ಬರುತ್ತವಲ್ಲ ಎಂದಳು. ಗಂಗೆ ಬರುವುದು ಆಚೆಯ ಕಡಲಿಗೆ, ನಮ್ಮ ವರದೆಯೂ ಅಲ್ಲಿಗೇ, ಇಲ್ಲಿಗಲ್ಲ ಎಂದೆ. ‘ಹಂಗಾರ ನಮ್ಮ ಹೊಳೀನ ಗಂಗೀಗೆ ಹತ್ರದಾಕಿ ಆತು’ ಎಂದು ನಕ್ಕಳು. ಮುಂಬಯಿಗೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮಾರ್ಮಗೋವೆಯಲ್ಲಿ ಇಳಿದು, ವಾಸ್ಕೋದಿಂದ ರಾತ್ರಿಯ ಗಾಡಿ ಹಿಡಿದೆವು. ಕತ್ತಲಲ್ಲಿ ದೂಧಸಾಗರ ಕಾಣಲಿಲ್ಲ. ಹತ್ತಿ ಇಳಿದ ಘಟ್ಟವನ್ನು ಹತ್ತಿಮತ್ತೂರಿನವರು ನಿದ್ದೆಯಲ್ಲೇ ಏರಿದೆವು.

ಒಂಬತ್ತು ಸೀಸೆಗಳ ಸಮಸ್ಯೆಯನ್ನು ಅಂಚೆಯ ಇಲಾಖೆ ಬಿಡಿಸಿತು. 2016ರಿಂದ ಅದು ಗಂಗೋತ್ರಿಯ ನೀರನ್ನು ಮಾರುತ್ತಿದೆ. ತರಿಸಿ ಹಂಚಿದೆವು, ಎಲ್ಲಿಂದ ತಂದದ್ದೆಂದು ಹೇಳಿಯೇ ಹಂಚಿದೆವು. ಗಿಂಡಿಗೂ ಅದನ್ನೇ ತುಂಬಿ ಅತ್ತೆಯವರ ಮುಂದಿಟ್ಟಳು. ಅವರು ಕಣ್ಣಿಗೊತ್ತಿಕೊಂಡು ದೇವರ ಮಾಡದಲ್ಲಿಟ್ಟರು. ಕಾಶಿಯ ವಿಷಯ ಕೇಳಲಿಲ್ಲ. ಅಳಿಯನ ಮುಂದೆ ನೇರವಾಗಿ ಮಾತಾಡುವ ರೂಢಿ ಅವರಿಗೆ ಇಂದಿಗೂ ಇಲ್ಲ. ಬಾಗಿಲಮರೆಯಲ್ಲಿ ಕೂತು ಮಗಳನ್ನು ಕೇಳಿದರು:

‘ಮಾಸ್ತರು ಕುಮಟಾ ನೋಡಿದ್ರೇನವಾ?’

‘ಇಲ್ಲಬೇ, ಅದು ಗೋವಾದ ತೆಂಕಕ್ಕಂತ. ಹಡಗ ಅಲ್ಲೀತನಕ ಬರಲಿಲ್ಲ.’

‘ಬಂಡಿ ಹೋಗತಿತ್ತಲ್ಲ,’ ಎಂದರು ಅತ್ತೆ.