ಹಾರ್ನ್ ರಿಲೇ ಕಲಿಸಿದ ಪಾಠ

ಕಳೆದ ತಿಂಗಳು ಗೆಳೆಯನ ಅಪ್ಪನ ಹಳೇ ಕಾರಲ್ಲಿ ನಾವು ನಾಲ್ವರು ತುಮಕೂರಿಗೆ ಹೊರಟಿದ್ವಿ. ನೆಲಮಂಗಲದ ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತಾ ಹೋಯ್ತು. ಓಡುವಾಗ ರೇಡಿಯೇಟರಿಗೆ ಎದುರುಗಾಳಿ ಸಾಕು, ನಿಂತರೆ ಫ್ಯಾನೇ ಗತಿ. ಅದು ತಿರುಗ್ತಾನೇ ಇರಲಿಲ್ಲ.

ನಮ್ಮಲ್ಲೊಬ್ಬ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ. "ಮುಟ್ಬೇಡ್ರೋ, ಬಿಸಿನೀರು ಮುಖಕ್ಕೇ ಚಿಮ್ಮುತ್ತೆ!" ಅಂತ ಪಕ್ಕದ ಗ್ಯಾರೇಜಿನ ಅಣ್ಣ ಓಡಿ ಬಂದ್ರು. ಇಂಜಿನ್ ತಣ್ಣಗಾದ ಮೇಲೆ ಫ್ಯೂಸ್ ನೋಡಿದ್ರು, ಸರಿಯಿತ್ತು. ಬ್ಯಾಟರಿಯಿಂದ ಫ್ಯಾನಿಗೆ ನೇರ 12 ವೋಲ್ಟ್ ಕೊಟ್ರು, ತಿರುಗಿತು. ಅಂದ್ರೆ ಮೋಟಾರ್ ಸರಿ. ಹಾರ್ನಿನ ರಿಲೇನೂ ಅದೇ ಥರದ್ದು. ಅದನ್ನ ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿ ಎಸಿ ಆನ್ ಮಾಡಿದ್ರೆ ಫ್ಯಾನ್ ಓಡ್ತು!

ಪರೀಕ್ಷೆಯಲ್ಲಿ ರಿಲೇ ಚಿತ್ರ ಬರೆದು ಮಾರ್ಕ್ಸ್ ತಗೊಂಡವರು ನಾವು. ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು.